ರತ್ನಾ ಲೀಡ್ಸಿನಲ್ಲಿ ನಾಟಕ ನೋಡಿದ್ದು

ಸಿಂದಗಿ ಬಿಡುವ ಮುಂಚೆ

ನಾನು ದರ್ಜಿ. ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ ಇದೆ. ಶಾಲೆ ಮಕ್ಕಳ ಯೂನಿಫಾರ್ಮು, ಮದುವೆಯ ಜಂಪರು, ಗಾದಿಯ ಗವಸು ಎಲ್ಲವನ್ನೂ ಹೊಲಿಯುತ್ತೇನೆ. ಆದರೆ ನನ್ನ ಹೆಸರು ನಡೆಯುವುದು ನಾಟಕದ ಉಡುಪಿನಿಂದ. ನಾಟಕ ಕಂಪನಿಯವರು ಇಂಡಿ ಪಟ್ಟಣದಲ್ಲಿ ಟೆಂಟು ಹಾಕಲಿ, ಮುದ್ದೇಬಿಹಾಳದಲ್ಲಿ ಹಾಕಲಿ, ಬಸವನ ಬಾಗೇವಾಡಿಯಲ್ಲಿ ಹಾಕಲಿ, ರಾಜನ ಕೋಟಿನ ಬಗಲು ಹರಿಯಿತೆಂದರೆ ಫೋನು ನನಗೇ ಬರುತ್ತದೆ.

ನನ್ನ ಮಗಳು ಸಾವಿತ್ರಿ ಅದೇ ಅಂಗಡಿಯಲ್ಲಿ ಗುಂಡಿಗೆ ಕಾಜ ಮಾಡುತ್ತ ಕಲಿತವಳು. ಈಗ ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನ ನಾಟಕಶಾಲೆಯೊಂದರಲ್ಲಿ ಉಡುಪು ಹೊಲಿಯುವ ಕೆಲಸಕ್ಕೆ ಎರಡು ವರ್ಷದ ಕರಾರಿನ ಮೇಲೆ ಹೋಗಿದ್ದಾಳೆ. ಅಳಿಯ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿದ್ದಾನೆ. ಅವರ ಮಗಳು ರತ್ನಾ, ಐದು ವರ್ಷದವಳು, ನಮ್ಮ ಹತ್ತಿರ ಇರುತ್ತಾಳೆ. ಬೇಸಿಗೆ ರಜೆಯಲ್ಲಿ ಅವಳನ್ನು ತಾಯಿಯ ಬಳಿ ಕರೆದುಕೊಂಡು ಹೋಗಿ ಮೂರು ವಾರ ಇದ್ದು ಬರಬೇಕೆಂದಾಯಿತು. ಅಳಿಯನಿಗೆ ರಜೆ ಸಿಗಲಿಲ್ಲ. ನನ್ನ ಹೆಂಡತಿ ವಿಮಾನದ ಹೆಸರು ತೆಗೆದರೆ ಸಾಕು, ದೇವರ ಮುಂದೆ ಹೋಗಿ ಕೂಡುತ್ತಾಳೆ. ಹಾಗಾಗಿ ಪಾಸ್‌ಪೋರ್ಟು ನನ್ನ ಪಾಲಿಗೆ ಬಂತು.

ಹೊರಡುವ ಹದಿನೈದು ದಿನ ಮೊದಲು ಸಾವಿತ್ರಿ ಫೋನು ಮಾಡಿದಳು.

"ಅಪ್ಪಾ, ಹೊಸಾ ಆಟದಾಗ ಒಂದು ಗೌನ ಪೂರಾ ನನ್ನ ಕೈಯಾಗ ಕೊಟ್ಟಾರ. ನೀ ಕಳಿಸಿದ್ಯಲ್ಲಾ ಗುಳೇದಗುಡ್ಡದ ಖಣ, ಅದನ್ನ ನೆರಗಿ ಒಳಗ ಹಚ್ಚೇನಿ. ನೀ ಬಂದು ನೋಡಿ ಹೆಂಗಾಗೇತಿ ಹೇಳಬೇಕು."

"ಫೋಟೋ ಕಳಸವಾ, ಇಲ್ಲೇ ಹೇಳ್ತೇನಿ."

"ಕಳಸೂದಿಲ್ಲ. ಫೋಟೋದಾಗ ನೆರಗಿ ಬಿಚ್ಚಿದ ಘೇರ ಕಾಣೂದಿಲ್ಲ. ಅದು ತಿರಗಬೇಕು, ನೀ ಕುಂತು ನೋಡಬೇಕು."

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅವಳ ಹೊಲಿಗೆಯನ್ನು ನಾನು ಒಮ್ಮೆಯೂ ಚೆನ್ನಾಗಿದೆ ಅಂದವನಲ್ಲ. ನನ್ನ ಅಂಗಡಿಯಲ್ಲಿ ಹೊಲಿಗೆ ಸರಿಯಿದ್ದರೆ ಮಾತಿಲ್ಲ, ತಪ್ಪಿದ್ದರೆ ಬಿಚ್ಚುವುದು. ಸಾವಿತ್ರಿಯದನ್ನು ಎಷ್ಟು ಸಲ ಬಿಚ್ಚಿಸಿದ್ದೇನೋ ಲೆಕ್ಕವಿಲ್ಲ. ಮೂವತ್ತೆರಡು ವರ್ಷದ ಹೆಂಗಸು, ಸಾಗರದಾಚೆ ಕೂತು, ಈಗಲೂ ಅಪ್ಪ ಏನನ್ನುತ್ತಾನೋ ಎಂದು ಕಾಯುತ್ತಿದ್ದಾಳೆ. ಕೇಳಿ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

ಹೈದರಾಬಾದಿನಿಂದ ಲೀಡ್ಸಿಗೆ

ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲ ಯಂತ್ರದೊಳಗೆ ಹೋಗಿ ಹೊರಗೆ ಬರಲೇ ಇಲ್ಲ. ಒಬ್ಬ ಪೊಲೀಸು ಬಂದು ಚೀಲದಿಂದ ಕತ್ತರಿ ತೆಗೆದು ಹಿಡಿದ. ಹನ್ನೆರಡು ಇಂಚಿನ ಕತ್ತರಿ. ನಾನು ಎಲ್ಲಿಗೆ ಹೋದರೂ, ಬೀಗರ ಮನೆಗೆ ಹೋದರೂ, ಅದು ಚೀಲದಲ್ಲಿರುತ್ತದೆ. ಇಟ್ಟುಕೊಂಡದ್ದೇ ನನಗೆ ನೆನಪಿರಲಿಲ್ಲ. "ಇದರಿಂದ ಏನು ಮಾಡುತ್ತೀರಿ?" ಎಂದು ಹಿಂದಿಯಲ್ಲಿ ಕೇಳಿದ. "ರಾಜನ ಕೋಟು ಕತ್ತರಿಸುತ್ತೇನೆ" ಎಂದು ಗಾಬರಿಯಲ್ಲಿ ನಿಜ ಹೇಳಿಬಿಟ್ಟೆ. ಪುಣ್ಯಕ್ಕೆ ಅಳಿಯ ಇನ್ನೂ ಹೊರಗೇ ನಿಂತಿದ್ದ. ಕತ್ತರಿ ಅವನ ಕೈಸೇರಿ ಆಲಮಟ್ಟಿಗೆ ಹೋಯಿತು, ನಾವು ಇಂಗ್ಲೆಂಡಿಗೆ ಹೋದೆವು.

ಲೀಡ್ಸ್ ಹಿಂದೆ ಉಣ್ಣೆ ಬಟ್ಟೆಯ ಊರು. ಕೆಂಪು ಇಟ್ಟಿಗೆಯ ಗಿರಣಿಗಳು ಈಗಲೂ ನಿಂತಿವೆ, ಮಗ್ಗಗಳಿಲ್ಲ. ನಾನು ಪ್ರತಿ ಗಿರಣಿಯ ಮುಂದೆ ನಿಂತು ನೋಡುತ್ತಿದ್ದೆ. ರತ್ನಾಳಿಗೆ ಬಸ್ಸಿನ ಚಿಂತೆ. ಮೊದಲ ದಿನ ಮೂವರೂ ಬಸ್ಸು ಹತ್ತಿದೆವು. ಮೂವತ್ತು ಮಂದಿ ಕೂತಿದ್ದಾರೆ, ಒಬ್ಬರ ಬಾಯಲ್ಲೂ ಒಂದು ಮಾತಿಲ್ಲ. ನಮ್ಮ ಆಲಮೇಲದ ಬಸ್ಸಿನಲ್ಲಿ ಇಷ್ಟು ಹೊತ್ತಿಗೆ ಯಾರ ಮಗಳಿಗೆ ಎಲ್ಲಿ ವರ ನೋಡಿದ್ದಾರೆಂದು ಎಲ್ಲರಿಗೂ ಗೊತ್ತಾಗಿರುತ್ತಿತ್ತು.

"ಯವ್ವಾ," ರತ್ನಾ ಎಲ್ಲರಿಗೂ ಕೇಳುವಂತೆ ಅಂದಳು, "ಇವರೆಲ್ಲಾ ಜಗಳಾಡ್ಯಾರೇನ?"

"ಇಲ್ಲವಾ. ಸುಮ್ನ ಕುಂತಾರ."

"ಮತ್ತ ಮಾತು ಯಾಕ ಬಿಟ್ಟಾರ?"

ಇಳಿಯುವಾಗ ಮಾತ್ರ ಪ್ರತಿಯೊಬ್ಬರೂ ಚಾಲಕನಿಗೆ ಧನ್ಯವಾದ ಹೇಳಿ ಇಳಿಯುತ್ತಾರೆ. ಅದು ನನಗೆ ಬಹಳ ಹಿಡಿಸಿತು. ರತ್ನಾ ಎರಡೇ ದಿನದಲ್ಲಿ ಕಲಿತು, "ಥ್ಯಾಂಕ್ಯೂರಿ ಡ್ರೈವರ್ ಮಾಮಾ" ಎಂದು ಒದರಿ ಜಿಗಿಯುತ್ತಿದ್ದಳು. ಮೂರನೆಯ ದಿನದಿಂದ ಆ ಚಾಲಕ ಅವಳನ್ನು ಕಂಡರೆ ಹಾರ್ನು ಬಾರಿಸಲು ಶುರುಮಾಡಿದ.

ಗುರುವಾರ, ಮಧ್ಯಾಹ್ನದ ಆಟ

ಆಟಕ್ಕೆ ನಮಗೆ ಟಿಕೆಟು ಸಿಕ್ಕಿದ್ದು ಕೊನೆಯ ವಾರದಲ್ಲಿ. ಆಟ ಸಂಗೀತ ನಾಟಕ, ಮಾತಿಗಿಂತ ಹಾಡು ಹೆಚ್ಚು. ಸಾವಿತ್ರಿ ಆಟ ನಡೆಯುವಾಗ ಪರದೆಯ ಹಿಂದೆ ನಿಂತು ನಟಿಯರಿಗೆ ಉಡುಪು ಬದಲಿಸಿಕೊಡುತ್ತಾಳೆ, ಹಾಗಾಗಿ ನಮ್ಮೊಡನೆ ಕೂಡುವಂತಿರಲಿಲ್ಲ. ಬೆಳಿಗ್ಗೆ ಮಗಳನ್ನು ಮುಂದೆ ಕೂಡಿಸಿಕೊಂಡು ತಿಳಿಸಿ ಹೇಳಿದಳು.

"ರತ್ನಾ, ಅಲ್ಲಿ ಒಳಗ ಮಾತಾಡಬಾರದು."

"ನಾಟಕದಾಗ?"

"ಹೂಂ. ಆಟ ಆಡೋರಷ್ಟ ಮಾತಾಡ್ತಾರ, ನಾವು ಸುಮ್ನ ಕುಂಡರಬೇಕು."

"ಹಂಗಂದ್ರ ನಾವು ಯಾಕ ಹೋಗೂದು?"

ಸಾವಿತ್ರಿ ಅವಳ ಜಡೆಯ ರಿಬ್ಬನ್ನು ಬಿಗಿದು ಕಟ್ಟಿ ಕೆಲಸಕ್ಕೆ ಹೊರಟಳು.

ಮೊದಲ ತಪ್ಪು ನನ್ನದು. ಒಳ್ಳೆಯ ಜಾಗ ಸಿಗಲೆಂದು ಮಗುವನ್ನು ಕರೆದುಕೊಂಡು ಬೇಗನೆ ಹೋದೆ. ಬಾಗಿಲು ತೆರೆದ ಕೂಡಲೇ ನುಗ್ಗಿ ನಮ್ಮ ಎರಡು ಕುರ್ಚಿಯ ಮೇಲೆ ಟವೆಲ್ ಹಾಸಿ, ಮಗುವಿಗೆ ನೀರು ಕುಡಿಸಿಕೊಂಡು ಬರಲು ಹೋದೆ. ಟಿಕೆಟಿನ ಮೇಲೆ ಕುರ್ಚಿಯ ನಂಬರು ಅಚ್ಚಾಗಿತ್ತು, ನಿಜ. ಆದರೆ ಸಿಂದಗಿ ಬಸ್ಸಿನ ಕಿಟಕಿಯಲ್ಲಿ ಟವೆಲ್ ತೂರಿಸಿ ಜಾಗ ಹಿಡಿದ ಕೈ ನಂಬರನ್ನು ನಂಬುವುದಿಲ್ಲ. ತಿರುಗಿ ಬಂದರೆ ಟವೆಲ್ ಇಲ್ಲ. ಕಪ್ಪು ಕೋಟಿನ ಒಬ್ಬ ವಯಸ್ಸಾದ ಹೆಂಗಸು ಅದನ್ನು ಇಸ್ತ್ರಿ ಮಾಡಿದಂತೆ ನಾಲ್ಕು ಮಡಿಕೆ ಮಡಚಿ ಹಿಡಿದು, ಯಾರೋ ಕಳೆದುಕೊಂಡಿದ್ದಾರೆಂದು ಸಾಲುಸಾಲಾಗಿ ಕೇಳುತ್ತ ಬರುತ್ತಿದ್ದಳು. ಡೊರೀನ್ ಎಂದು ಆಕೆಯ ಹೆಸರು. ಬಂದವರನ್ನು ಕುರ್ಚಿಗೆ ಮುಟ್ಟಿಸುವುದು, ಗಲಾಟೆಯಾಗದಂತೆ ನೋಡಿಕೊಳ್ಳುವುದು ಆಕೆಯ ಕೆಲಸ. ಟವೆಲ್ ನನ್ನದೆಂದು ಒಪ್ಪಿಕೊಂಡೆ. ರತ್ನಾಳಿಗೆ ಎತ್ತರವಾಗಲೆಂದು ಆಕೆ ಒಂದು ದಪ್ಪ ದಿಂಬು ತಂದುಕೊಟ್ಟಳು. ರತ್ನಾ ಅದರ ಮೇಲೆ ದೇಸಾಯರಂತೆ ಕೂತಳು.

ದೀಪ ಆರಿತು. ಇಂಥ ಮೌನವನ್ನು ನಾನು ಪರೀಕ್ಷೆಯ ಕೋಣೆಯಲ್ಲೂ ಕಂಡಿಲ್ಲ. ನಮ್ಮ ಮುಂದಿನ ಸಾಲಿನ ಯಜಮಾನರೊಬ್ಬರಿಗೆ ಚಾಕಲೇಟು ತಿನ್ನುವ ಆಸೆಯಾಯಿತು. ಕಾಗದ ಚರಚರ ಎನ್ನಬಾರದಲ್ಲ, ಒಂದು ಮೂಲೆ ಬಿಚ್ಚುವುದು, ನಿಲ್ಲುವುದು, ಮತ್ತೊಂದು ಮೂಲೆ ಬಿಚ್ಚುವುದು, ನಿಲ್ಲುವುದು. ಒಂದು ಹಾಡು ಮುಗಿಯುವವರೆಗೂ ಬಿಚ್ಚಿದರು. ಸಾಲಿನ ಅಷ್ಟೂ ಜನ ಹಲ್ಲು ಕಚ್ಚಿಕೊಂಡು ಕಾದರು. ಒಮ್ಮೆಗೇ ಹರಿದು ಬಾಯಿಗೆ ಹಾಕಿಕೊಂಡಿದ್ದರೆ ಎಲ್ಲರೂ ಬದುಕುತ್ತಿದ್ದರು.

ಕತೆ ಸಾವಿತ್ರಿ ಮೊದಲೇ ಹೇಳಿದ್ದಳು. ಒಂದೂರಿನಲ್ಲಿ ಗಾಳಿ ನಿಂತುಹೋಗುತ್ತದೆ. ಬೀಸುವ ಗಾಳಿಯಿಲ್ಲದೆ ಹಿಟ್ಟಿನ ಗಿರಣಿ ತಿರುಗುವುದಿಲ್ಲ. ಗಿರಣಿಯ ಮುದುಕಿಯ ಮೊಮ್ಮಗಳು ಬೆಟ್ಟ ಹತ್ತಿ ಗಾಳಿಯನ್ನು ಒಂದು ಚೀಲದಲ್ಲಿ ತುಂಬಿಕೊಂಡು ಬರುತ್ತಾಳೆ. ದಾರಿಯಲ್ಲಿ ಆ ಚೀಲ ಕದಿಯಲು ಉದ್ದ ಕೋಟಿನ ಕಳ್ಳನೊಬ್ಬ ಹೊಂಚು ಹಾಕುತ್ತಾನೆ. ಮೊದಲ ಅರ್ಧದ ಕೊನೆಯ ಹಾಡಿನಲ್ಲಿ ಅವಳು ಸಾವಿತ್ರಿ ಹೊಲಿದ ಗೌನು ತೊಟ್ಟು ಬಂದು ಚೀಲ ಬಿಚ್ಚುತ್ತಾಳೆ. ಗಾಳಿ ಬೀಸುತ್ತದೆ, ಅವಳು ಗರಗರ ತಿರುಗುತ್ತಾಳೆ. ನಿಂತಾಗ ಬರೀ ಬೂದು ಬಣ್ಣದ ಗೌನು, ತಿರುಗಿದಾಗ ನೆರಿಗೆ ಬಿಚ್ಚಿ ಒಳಗಿನ ಖಣದ ಬಣ್ಣವೆಲ್ಲ ಹೊರಗೆ ಬರುತ್ತದೆ. ಆ ಒಂದು ಹಾಡಿಗಷ್ಟೇ ಆ ಗೌನು. ನಾನು ಕನ್ನಡಕ ಒರೆಸಿ ಇಟ್ಟುಕೊಂಡಿದ್ದೆ.

ಆ ಹಾಡಿಗೆ ಸ್ವಲ್ಪ ಮುಂಚೆ ಹುಡುಗಿ ಒಂದು ಕಲ್ಲಿನ ಮೇಲೆ ಕೂತು, ಚೀಲ ಬದಿಗಿಟ್ಟು, ಮೆಲ್ಲಗೆ ಹಾಡತೊಡಗಿದಳು. ಒಂದೇ ಪಿಟೀಲು. ಹಿಂದಿನಿಂದ ಕಳ್ಳ ಬಂದ. ರತ್ನಾ ದಿಂಬಿನ ಮೇಲೆ ಎದ್ದು ನಿಂತದ್ದು ನನಗೆ ಗೊತ್ತಾಗಲಿಲ್ಲ.

"ಏ ಅಕ್ಕಾ! ಹಿಂದ ನೋಡ! ಹಿಂದ ಅದಾನ ನೋಡ!"

ನಾಟಕಶಾಲೆಯ ಅಷ್ಟೂ ತಲೆ ನಮ್ಮ ಕಡೆ ಹೊರಳಿದವು. ನಟಿಯ ದನಿ ಒಂದು ಕ್ಷಣ ಅಲುಗಿ ಮತ್ತೆ ಸರಿಯಾಯಿತು. ನಾನು ರತ್ನಾಳ ಅಂಗಿ ಹಿಡಿದು ಜಗ್ಗಿದೆ. ಅವಳಿಗೆ ನನ್ನ ಮೇಲಲ್ಲ, ಆ ಅಕ್ಕನ ಮೇಲೆ ಸಿಟ್ಟು. "ಈಕಿಗಿ ಕಿವಿ ಕೇಳೂದಿಲ್ಲೇನ ಮುತ್ಯಾ? ಚೀಲ ಒಯ್ಯಾಕತ್ತಾನ! ಅಕ್ಕಾ!"

ಪಕ್ಕದಲ್ಲಿ ಒಂದು ಸಣ್ಣ ಬ್ಯಾಟರಿಯ ಬೆಳಕು ಕಂಡಿತು. ಡೊರೀನ್ ಬಗ್ಗಿ, ಬಹಳ ಮೃದುವಾಗಿ, ಹೊರಗೆ ಬನ್ನಿ ಎಂದು ಸನ್ನೆ ಮಾಡಿದಳು.

ಹೊರಗಿನ ಪಡಸಾಲೆಯಲ್ಲಿ ರತ್ನಾ ಬಿಕ್ಕಿ ಬಿಕ್ಕಿ ಅತ್ತಳು. ಹೊರಗೆ ಹಾಕಿದ್ದಕ್ಕಲ್ಲ, ಚೀಲ ಹೋಯಿತೋ ಉಳಿಯಿತೋ ಗೊತ್ತಾಗಲಿಲ್ಲವೆಂದು. ಡೊರೀನ್ ನೀರು ತಂದುಕೊಟ್ಟಳು. ನಾನು ಉಡುಪು ಹೊಲಿಯುವ ಸಾವಿತ್ರಿಯ ಅಪ್ಪನೆಂದು ಹೇಳಿ, ನನ್ನ ತುಂಡು ಇಂಗ್ಲಿಷಿನಲ್ಲಿ ಆಕೆಗೆ ವಿವರಿಸಿದೆ. ನಮ್ಮೂರ ನಾಟಕದಲ್ಲಿ ಮಕ್ಕಳು ರಂಗದ ಬುಡದಲ್ಲೇ ನೆಲದ ಮೇಲೆ ಕೂಡುತ್ತಾರೆ. ಖಳನಾಯಕ ಬಂದರೆ ಹೇಳುವುದು ಅವರ ಕೆಲಸ. ನಾಯಕಿ ಅವರ ಮಾತು ಕೇಳಿ ತಿರುಗಿ ನೋಡುತ್ತಾಳೆ. ಕೂಸು ಅತ್ತರೆ ಸಾಯುತ್ತ ಬಿದ್ದ ರಾಜನೂ ಒಂದು ಕಣ್ಣು ತೆರೆದು, "ಯವ್ವಾ, ಅದಕ ಹಾಲು ಕುಡಸು, ಅಲ್ಲೀತನಾ ನಾ ಸಾಯೂದಿಲ್ಲ" ಅನ್ನುತ್ತಾನೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕ್ರಿಸ್‌ಮಸ್ ಹೊತ್ತಿನಲ್ಲಿ ಇಲ್ಲಿಯೂ ಮಕ್ಕಳಿಗಾಗಿ ಒಂದು ಬಗೆಯ ನಾಟಕ ಆಡುತ್ತಾರಂತೆ, ಅದರಲ್ಲಿ ಎಲ್ಲರೂ ಕೂಡಿ ಕೂಗುವುದೂ ಅದೇ ಮಾತಂತೆ: ನಿನ್ನ ಹಿಂದೆ ಇದ್ದಾನೆ! ನಾವು ಬಂದದ್ದು ತಪ್ಪು ತಿಂಗಳಲ್ಲಿ, ಅಷ್ಟೇ.

ಅಷ್ಟರಲ್ಲಿ ಒಳಗಿನಿಂದ ಗಾಳಿಯ ಹಾಡು ಶುರುವಾಯಿತು. ತಡವಾಗಿ ಬಂದವರಿಗೆಂದು ಗೋಡೆಯ ಮೇಲೆ ಒಂದು ಪುಟ್ಟ ಟೀವಿ ಇಟ್ಟಿದ್ದರು, ಒಳಗಿನ ಆಟ ಅದರಲ್ಲಿ ಕಾಣುತ್ತಿತ್ತು. ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತೆ. ಬಣ್ಣವೇ ಇಲ್ಲದ ಚಿತ್ರ. ಹೆಬ್ಬೆರಳಿನಷ್ಟು ಎತ್ತರದ ಹುಡುಗಿ ತಿರುಗಿದಳು, ಬೂದು ಬಣ್ಣದ ಮೇಲೆ ಬೂದು ಬಣ್ಣ ಬಿಚ್ಚಿಕೊಂಡಿತು. ಇದನ್ನು ನೋಡಲು ಸಿಂದಗಿಯಿಂದ ಬಂದೆನೇ ಎಂದುಕೊಂಡು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ.

ಮಧ್ಯಂತರದ ಬಳಿಕ ಒಳಗೆ ಹೋಗಬಹುದೆಂದು ಡೊರೀನ್ ಹೇಳಿದಳು. ರತ್ನಾ ಕಂಬ ಹಿಡಿದುಕೊಂಡು ಬಿಡಲಿಲ್ಲ. "ಒಲ್ಲೆ ಮುತ್ಯಾ. ಅವರೆಲ್ಲಾ ನನ್ನ ನೋಡ್ತಾರ."

ಶುಕ್ರವಾರ

ಬೆಳಿಗ್ಗೆ ಗೌನು ಹೇಗಿತ್ತೆಂದು ಕೇಳಿದ ಸಾವಿತ್ರಿಗೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

"ಟೀವ್ಯಾಗ ನೋಡಿದೆ," ಅಂದೆ.

"ಟೀವ್ಯಾಗ," ಅಂದಳು. ಆಮೇಲೆ ತೊಳೆದಿಟ್ಟ ಚಹಾದ ಬಟ್ಟಲನ್ನೇ ಮತ್ತೆ ತೊಳೆದಳು. ಇಂಡಿ ಊರಿನ ನಿಂಬೆಹಣ್ಣಿನ ಉಪ್ಪಿನಕಾಯಿ ತಂದಿದ್ದೆ, ಅವಳ ಜೀವ ಅದು, ಅಂದು ಮುಟ್ಟಲಿಲ್ಲ. ಭಾನುವಾರ ನಮ್ಮ ವಿಮಾನ. ಉಳಿದ ಆಟಗಳ ಟಿಕೆಟುಗಳೆಲ್ಲ ಮಾರಿಹೋಗಿದ್ದವು.

ಅದಕ್ಕಿಂತ ಹೆಚ್ಚು ಕೆಟ್ಟದೆನಿಸಿದ್ದು ರತ್ನಾಳ ಪಾಡು. ಬಸ್ಸು ಹತ್ತಿದಳು, ಇಳಿದಳು, ಚಾಲಕನಿಗೆ ಒಂದು ಮಾತಿಲ್ಲ. ಆತ ಹಾರ್ನು ಬಾರಿಸಿದ, ಇವಳು ನನ್ನ ಅಂಗಿಯ ಹಿಂದೆ ಅಡಗಿದಳು. ಒಂದೇ ಮಧ್ಯಾಹ್ನದಲ್ಲಿ ನನ್ನ ಮೊಮ್ಮಗಳು ಆ ಬಸ್ಸಿನ ಮಂದಿಯ ಹಾಗೆ ಆಗಿಬಿಟ್ಟಿದ್ದಳು. ನನಗೆ ಆ ಊರಿನ ಮೇಲೆ ಸಿಟ್ಟು ಬಂತು. ಮಗುವನ್ನು ಬಾಯಿ ಮುಚ್ಚಿಸಿ ಕೂಡಿಸುವ ಆಟ ಎಂಥ ಆಟ?

ಸಂಜೆ ಸಾವಿತ್ರಿ ಕೆಲಸದಿಂದ ಓಡುತ್ತಲೇ ಬಂದಳು.

"ಅಪ್ಪಾ, ಡೊರೀನ್ ಬಾಯಿ ಹೇಳಿ ಕಳಿಸ್ಯಾರ. ನಾಳೆ ಮುಂಜಾನೆ ಒಂದು ಆಟ ಐತಿ. ರಿಲ್ಯಾಕ್ಸ್ಡ್ ಆಟ ಅಂತಾರ. ನಿಮಗ ಎರಡು ಕುರ್ಚಿ ಇಟ್ಟಾರ."

"ಹಂಗಂದ್ರೇನು?"

"ಸುಮ್ನ ಕುಂಡರಾಕ ಆಗದ ಮಕ್ಕಳು ಇರತಾವಲ್ಲ, ಸಣ್ಣ ಕೂಸು, ಕತ್ತಲಿಗೆ ಅಂಜುವವು, ತಮ್ಮಷ್ಟಕ್ಕ ತಾವು ಮಾತಾಡುವವು, ಅವಕ್ಕೆಲ್ಲ ಅಂತ ತಿಂಗಳಿಗೊಮ್ಮೆ ಮಾಡ್ತಾರ. ಲೈಟ ಪೂರ್ತಿ ಆರಸೂದಿಲ್ಲ. ಬಾಗಲಾ ತಗದ ಇರತೈತಿ. ಕೂಗಬಹುದು, ಎದ್ದು ಅಡ್ಡಾಡಬಹುದು. ಯಾರೂ ಏನೂ ಅನ್ನೂದಿಲ್ಲ."

"ಅಂದ್ರ ಸಿಂದಗಿ ಆಟ ಅನ್ನು."

ಗುರುವಾರದಿಂದ ಮೊದಲ ಸಲ ಸಾವಿತ್ರಿ ನಕ್ಕಳು. "ಹೌದ ಅಪ್ಪಾ. ತಿಂಗಳಿಗೊಂದು ಸಿಂದಗಿ ಆಟ."

ನಮ್ಮಲ್ಲಿ ದಿನವೂ ಹಾಗೇ ನಡೆಯುವುದಕ್ಕೆ ಇವರು ಒಂದು ದಿನ ಗೊತ್ತು ಮಾಡಿ, ಹೆಸರಿಟ್ಟು, ಬಾಗಿಲಿಗೆ ಬೋರ್ಡು ಬರೆದಿದ್ದಾರೆ. ಮೊದಲು ನಗು ಬಂತು. ಆಮೇಲೆ ವಿಚಾರ ಮಾಡಿದೆ. ನಮ್ಮ ಓಣಿಯಲ್ಲೂ ಒಬ್ಬ ಹುಡುಗನಿದ್ದಾನೆ, ಮಾತು ಬಾರದೆ ಇಡೀ ದಿನ ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತಾನೆ. ಅಷ್ಟು ಗದ್ದಲದ ಟೆಂಟಿಗೂ ಅವನನ್ನು ಯಾರೂ ಕರೆತಂದದ್ದು ನಾನು ನೋಡಿಲ್ಲ. ಇವರು ಅಂಥವರಿಗಾಗಿ ಕುರ್ಚಿ ಕಾದಿಡುತ್ತಾರೆ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಶನಿವಾರ, ಬೆಳಗಿನ ಆಟ

ರತ್ನಾ ಬರುವುದಿಲ್ಲವೆಂದು ಹಟ ಮಾಡಿದಳು. ಚೀಲ ಏನಾಯಿತೆಂದು ನೋಡೋಣ ಬಾ ಎಂದಮೇಲೆ ಹೊರಟಳು. ಬಾಗಿಲಲ್ಲಿ ಡೊರೀನ್ ನಿಂತಿದ್ದಳು. ಇಂದು ಕಪ್ಪು ಕೋಟಿನ ಮೇಲೆ ಒಂದು ಹಳದಿ ಹೂವು ಸಿಕ್ಕಿಸಿಕೊಂಡಿದ್ದಳು. ಒಳಗೆ ಹೋದರೆ ಜಾತ್ರೆಯ ಗದ್ದಲ. ಒಬ್ಬ ಹುಡುಗ ಸದ್ದು ಕೇಳದಂತೆ ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು ಸಾಲುಗಳ ನಡುವೆ ಓಡುತ್ತಿದ್ದಾನೆ, ಗಾಲಿಕುರ್ಚಿಯ ಹುಡುಗಿಯೊಬ್ಬಳು ಪರದೆ ಏಳುವ ಮೊದಲೇ ಚಪ್ಪಾಳೆ ಹೊಡೆಯುತ್ತಿದ್ದಾಳೆ, ಎಲ್ಲಿಯೋ ಒಂದು ಕೂಸು ಕಿರುಚುತ್ತಿದೆ. ಮನೆಗೆ ಬಂದಂತೆ ಆಯಿತು.

ರತ್ನಾ ಮಾತ್ರ ದಿಂಬಿನ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. "ಇವತ್ತ ಮಾತಾಡಬಹುದವಾ" ಎಂದು ಎಷ್ಟು ಹೇಳಿದರೂ ತಲೆ ಅಲ್ಲಾಡಿಸುತ್ತಾಳೆ. ಮಕ್ಕಳೆಲ್ಲ ಕುಣಿಯುವ ಹಾಡಿಗೂ ಕೈ ತೆಗೆಯಲಿಲ್ಲ.

ಹುಡುಗಿ ಬಂದು ಕಲ್ಲಿನ ಮೇಲೆ ಕೂತಳು. ಚೀಲ ಬದಿಗಿಟ್ಟಳು. ಪಿಟೀಲು ಶುರುವಾಯಿತು. ಹಿಂದೆ ಉದ್ದ ಕೋಟು ಕಂಡಿತು. ಅಷ್ಟು ಹೊತ್ತು ಗದ್ದಲ ಹಾಕುತ್ತಿದ್ದ ಮಕ್ಕಳು ಉಸಿರು ಹಿಡಿದು ಸುಮ್ಮನಾದರು. ರತ್ನಾ ನನ್ನ ಕಡೆ ತಿರುಗಿದಳು. ಕೈಯ ಮೇಲಿನಿಂದ ಎರಡು ಕಣ್ಣು ಅಷ್ಟೇ ಕಾಣುತ್ತಿದ್ದವು. ಆ ಕಣ್ಣು ನೋಡಿ ನನಗೆ ತಡೆಯಲಾಗಲಿಲ್ಲ.

ಅರವತ್ತೆರಡು ವರ್ಷದ ನಾನು ಎದ್ದು ನಿಂತೆ.

"ತಂಗೀ! ಹಿಂದ ನೋಡವಾ! ಹಿಂದ ಅದಾನ!"

ನನ್ನ ದನಿ ನನಗೇ ದೊಡ್ಡದೆನಿಸಿತು. ಪಕ್ಕದಲ್ಲಿ ರತ್ನಾಳ ಕೈ ಕೆಳಗೆ ಬಿತ್ತು. "ಅಕ್ಕಾ! ಹಿಂದ! ಚೀಲಾ ಹಿಡಕೋ!" ಆಮೇಲೆ ಮುಂದಿನ ಸಾಲಿನಿಂದ ಒಬ್ಬ ಹುಡುಗ ತನ್ನ ಇಂಗ್ಲಿಷಿನಲ್ಲಿ ಕೂಗಿದ, ಅವನ ಹಿಂದೆ ಹತ್ತು ಮಂದಿ, ಆಮೇಲೆ ಇಡೀ ನಾಟಕಶಾಲೆ. ನಟಿ ಹಾಡುತ್ತಲೇ ಚೀಲ ಮಡಿಲಿಗೆ ಎಳೆದುಕೊಂಡು, ಮೆಲ್ಲಗೆ ಕತ್ತು ಹೊರಳಿಸಿ ಹಿಂದೆ ನೋಡಿದಳು. ಕಳ್ಳ ಮರದ ಹಾಗೆ ಒಂದೇ ಕಾಲಿನ ಮೇಲೆ ನಿಂತ. ಮಕ್ಕಳು ನಕ್ಕ ನಗುವಿಗೆ ಪಿಟೀಲಿನವನು ಬಾರಿಸುವುದನ್ನೇ ನಿಲ್ಲಿಸಿ ಕಾದ. "ಕೇಳ್ತು ಮುತ್ಯಾ! ಈಕಿಗಿ ಕೇಳ್ತು!" ರತ್ನಾ ನನ್ನ ತೋಳು ಹಿಡಿದು ಜಗ್ಗಿದಳು.

ಸ್ವಲ್ಪ ಹೊತ್ತಿಗೆ ಗಾಳಿಯ ಹಾಡು ಬಂತು. ಬೂದು ಗೌನಿನಲ್ಲಿ ಹುಡುಗಿ ನಡುವೆ ನಿಂತು ಚೀಲದ ಬಾಯಿ ಬಿಚ್ಚಿದಳು. ನಾನು ಸಿದ್ಧನಾಗಿದ್ದೆ. ಮೊದಲು ಕೆಳಗಿನ ಅಂಚು ಒಂದೇ ಮಟ್ಟದಲ್ಲಿ ಏಳುತ್ತದೆಯೇ ನೋಡಬೇಕು, ಆಮೇಲೆ ಸೊಂಟದ ಜೋಡಣೆ ಎಳೆಯುತ್ತದೆಯೇ, ಖಣದ ಜರಿ ನೆರಿಗೆಗೆ ಸಿಕ್ಕುತ್ತದೆಯೇ. ಅವಳು ತಿರುಗಿದಳು. ನೆರಿಗೆಗಳು ಬಿಚ್ಚಿಕೊಂಡವು. ಅಷ್ಟೇ ನಾನು ಕಂಡದ್ದು. ಕಣ್ಣು ತುಂಬಿ ಬಂದು ರಂಗವೆಲ್ಲ ಕಲಸಿಹೋಯಿತು. ಕನ್ನಡಕ ತೆಗೆದು ಒರೆಸಿದೆ, ಹಾಕಿದೆ, ಮತ್ತೆ ಅದೇ.

"ಮುತ್ಯಾ, ಹಸರ ಬಂತು!" ರತ್ನಾ ದಿಂಬಿನ ಮೇಲೆ ನಿಂತು ಕೂಗುತ್ತಿದ್ದಳು. "ಕೆಂಪ ಬಂತು! ಅಂಜೂರಿ! ಮತ್ತ ಹಸರ! ನಮ್ಮವ್ವ ಹೊಲದಾಳ ಇದು! ನಮ್ಮವ್ವ!"

ಆಟ ಮುಗಿದ ಮೇಲೆ ಹಿಂದಿನ ಬಾಗಿಲಲ್ಲಿ ಕಾದೆವು. ಸಾವಿತ್ರಿ ಕುತ್ತಿಗೆಯಲ್ಲಿ ಟೇಪು, ಕೈಮಣಿಕಟ್ಟಿಗೆ ಸೂಜಿ ಚುಚ್ಚಿದ ಪಟ್ಟಿ, ಹಾಗೇ ಹೊರಗೆ ಬಂದಳು. ನಾವು ಕೂಗಿದ್ದು ಪರದೆಯ ಹಿಂದೆ ಅವಳಿಗೆ ಕೇಳಿಸಿತ್ತಂತೆ. ಆದರೆ ಅದರ ಮಾತು ಅವಳು ಎತ್ತಲಿಲ್ಲ. ನನ್ನ ಎದುರು ನಿಂತು, ಹನ್ನೆರಡು ವರ್ಷದವಳಿದ್ದಾಗ ಕಾಜ ತೋರಿಸಲು ನಿಲ್ಲುತ್ತಿದ್ದ ಹಾಗೇ ನಿಂತು, ಕೇಳಿದಳು.

"ಹೇಳ ಅಪ್ಪಾ. ಎಲ್ಲಿ ಬಿಚ್ಚಬೇಕು?"

"ಬಿಚ್ಚೂದಿಲ್ಲ," ಅಂದೆ. "ಕಣ್ಣಾಗ ನೀರು ಬಂದು ನನಗ ಒಂದು ಹೊಲಗೀನೂ ಕಾಣಲಿಲ್ಲ. ಭಾಳ ಚಲೋ ಆಗೇತಿ ಸಾವಿತ್ರಿ. ಭಾಳ ಚಲೋ ಹೊಲದಿ."

ಅವಳು ಟೇಪಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ, ಮತ್ತೆ ಸುತ್ತಿಕೊಳ್ಳುತ್ತ ನಿಂತಳು. ಆಮೇಲೆ ರತ್ನಾಳ ತಲೆಯ ಮೇಲೆ ಮುಖ ಇಟ್ಟುಬಿಟ್ಟಳು.

ರತ್ನಾ ಆ ಓಣಿಗೆಲ್ಲ ಕೇಳುವಂತೆ ಒದರಿದಳು: "ಮುತ್ಯಾ, ಇನ್ನೊಮ್ಮಿ ಹೇಳ! ಅವ್ವಗ ಕೇಳಿಲ್ಲ!"

ಇನ್ನೊಮ್ಮೆ ಹೇಳಿದೆ, ಈ ಸಲ ನಾನೂ ಒದರಿ.